ಬಾಗಿದ ಬೆನ್ನಿಗೊಂದು ಅಳತೆ: ಡಾ. ಜಾನ್ ರಾಬರ್ಟ್ ಕಾಬ್



ಸಂಘದ ಈ ಪುಟದಲ್ಲಿ ಸಾಮಾನ್ಯವಾಗಿ ಕವಿಗಳು, ಯಕ್ಷಗಾನ ಕಲಾವಿದರು, ಕನ್ನಡ ಶಾಲೆಗಳನ್ನು ಕಟ್ಟಿ ಬೆಳೆಸಿದ ಹಿರಿಯರು ನೆನಪಾಗುತ್ತಾರೆ. ಈ ಬಾರಿ ನ್ಯೂಯಾರ್ಕಿನ ಒಬ್ಬ ಮೂಳೆ ವೈದ್ಯರ ಬದುಕನ್ನು ನೆನೆಯೋಣ. ಅವರಿಗೂ ನಮ್ಮ ನಾಡಿಗೂ ನೇರವಾದ ನಂಟೇನೂ ಇಲ್ಲ. ಆದರೂ ಅವರ ಹೆಸರು ನಮ್ಮ ಊರಿನ ಮನೆಗಳ ಕಪಾಟಿನೊಳಗೂ ಇರಬಹುದು, ಎಕ್ಸ್-ರೇ ಕವರಿನಲ್ಲಿ ಮಡಚಿಟ್ಟ ಒಂದು ಹಾಳೆಯ ಮೇಲೆ.

ಹನ್ನೊಂದು ಹನ್ನೆರಡು ವರ್ಷದ ಮಗಳಿಗೆ ಶಾಲೆಯ ಸಮವಸ್ತ್ರ ತೊಡಿಸುವಾಗ ಒಂದು ಭುಜ ಮೇಲೆ, ಇನ್ನೊಂದು ಕೆಳಗೆ ಇರುವುದು ತಾಯಿಯ ಕಣ್ಣಿಗೆ ಬೀಳುತ್ತದೆ. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಬೆನ್ನಿನ ಎಕ್ಸ್-ರೇ ತೆಗೆಸುತ್ತಾರೆ. ವರದಿಯಲ್ಲಿ ಸ್ಕೋಲಿಯೋಸಿಸ್ ಎಂದು ಬರೆದು, ಕೆಳಗೆ ಕಾಬ್ ಆಂಗಲ್ ಎಂದು ಹೇಳಿ ಒಂದು ಅಂಕಿ ಹಾಕಿರುತ್ತಾರೆ. ಸುಮ್ಮನೆ ಗಮನಿಸುತ್ತಿರಬೇಕೆ, ಸೊಂಟದಿಂದ ಕಂಕುಳವರೆಗೆ ಬ್ರೇಸ್ ಕಟ್ಟಬೇಕೆ, ಆಪರೇಷನ್ನಿಗೆ ಅಣಿಯಾಗಬೇಕೆ ಎಂಬ ತೀರ್ಮಾನದಲ್ಲಿ ಆ ಅಂಕಿಗೆ ದೊಡ್ಡ ಪಾಲಿದೆ. ಈ ಕಾಬ್ ಯಾರು, ಆ ಅಂಕಿ ಹೇಗೆ ಹುಟ್ಟಿತು ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಗಾಬರಿ ಸ್ವಲ್ಪ ಕಡಿಮೆಯಾದೀತು.

ಕಡಲು, ಸಾಹಿತ್ಯ, ಆಮೇಲೆ ವೈದ್ಯಕೀಯ

ಜಾನ್ ರಾಬರ್ಟ್ ಕಾಬ್ 1903ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ಅವರದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಬಹು ಹಿಂದೆಯೇ ನೆಲೆಸಿದ್ದ ಹಳೆಯ ಮನೆತನ. ಸೈನಿಕ ಶಿಸ್ತಿನ ಶಾಲೆಯೊಂದರಲ್ಲಿ ಓದಿದ ಈ ಹುಡುಗ ಹದಿನಾರರ ಪ್ರಾಯದಲ್ಲಿ ಹಡಗು ಹತ್ತಿ ಕಡಲಿನ ದಾರಿ ಹಿಡಿದ. ಆಮೇಲೆ ಮತ್ತೆ ಓದಿಗೆ ಮರಳಿ ಬ್ರೌನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿಯೂ ಆರಿಸಿಕೊಂಡದ್ದು ವಿಜ್ಞಾನವನ್ನಲ್ಲ, ಇಂಗ್ಲಿಷ್ ಸಾಹಿತ್ಯವನ್ನು. 1925ರಲ್ಲಿ ಪದವಿ ಸಿಕ್ಕಿತು.

ವೈದ್ಯನಾಗಬೇಕೆಂದು ಮನಸ್ಸು ಮಾಡಿದ್ದು ಆ ಬಳಿಕ. ಸಾಹಿತ್ಯದ ಪದವಿ ಹಿಡಿದವನನ್ನು ವೈದ್ಯಕೀಯ ಕಾಲೇಜು ಹಾಗೆಯೇ ಸೇರಿಸಿಕೊಳ್ಳುವುದಿಲ್ಲ. ಬೇಕಾದ ವಿಜ್ಞಾನದ ಪಾಠಗಳನ್ನು ಹೊಸದಾಗಿ ಕಲಿತು, ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿ, 1930ರಲ್ಲಿ ಅವರು ಡಾಕ್ಟರಾಗಿ ಹೊರಬಂದರು. ಯೇಲ್ ಇರುವ ನ್ಯೂ ಹೇವನ್ ಊರಿನಲ್ಲಿಯೇ ಆರಂಭದ ತರಬೇತಿ ಮುಗಿಯಿತು. ಹತ್ತನೆಯ ತರಗತಿಯಲ್ಲೇ ಮಕ್ಕಳ ಬದುಕಿನ ದಾರಿ ನಿರ್ಧಾರವಾಗಬೇಕೆಂದು ಚಡಪಡಿಸುವ ನಮ್ಮ ಪೋಷಕರು ಈ ಸುತ್ತುದಾರಿಯನ್ನು ಗಮನಿಸಬಹುದು.

1934ರಲ್ಲಿ ಕಾಬ್ ನ್ಯೂಯಾರ್ಕಿಗೆ ಮರಳಿ, ಅಂಗವಿಕಲರಿಗೂ ಹರ್ನಿಯಾ ರೋಗಿಗಳಿಗೂ ಚಿಕಿತ್ಸೆ ನೀಡಲೆಂದು 1863ರಲ್ಲಿ ಆರಂಭವಾಗಿದ್ದ ಹಳೆಯ ಆಸ್ಪತ್ರೆಯೊಂದರಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಫೆಲೋ ಆಗಿ ಸೇರಿದರು. ಡಾ. ಜೇಮ್ಸ್ ನೈಟ್ ಎಂಬವರು ತಮ್ಮ ಸ್ವಂತ ಮನೆಯಲ್ಲೇ ಶುರುಮಾಡಿದ್ದ ಆಸ್ಪತ್ರೆ ಅದು. 1940ರಲ್ಲಿ ಅದರ ಹೆಸರು ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ ಎಂದು ಬದಲಾಯಿತು. ಇಂದಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ ಬೆನ್ನು ಬಾಗಿದ ಮಕ್ಕಳಿಗಾಗಿಯೇ ಇದ್ದ ವಿಭಾಗವನ್ನು ಕಟ್ಟಿ ಬೆಳೆಸುವ ಹೊಣೆ ಕಾಬ್ ಅವರ ಹೆಗಲೇರಿತು. ಉಳಿದ ಆಯುಷ್ಯ ಹೆಚ್ಚಾಗಿ ಆ ಒಂದೇ ಕೆಲಸದಲ್ಲಿ ಕಳೆಯಿತು.

ಕಣ್ಣಳತೆಯ ಕಾಲ

ಇಲ್ಲಿ ಒಂದು ವಿಷಯ ಸ್ಪಷ್ಟವಾಗಲಿ. ನಾವು ಗೂನು ಎಂದು ಕರೆಯುವುದು ಹೆಚ್ಚಾಗಿ ಬೆನ್ನು ಹಿಂದಕ್ಕೆ ಉಬ್ಬಿ, ಮನುಷ್ಯ ಮುಂದಕ್ಕೆ ಬಾಗುವುದನ್ನು. ಬೆನ್ನೆಲುಬಿನ ಕ್ಷಯದಿಂದ ಹಾಗಾಗುವುದುಂಟು. ಸ್ಕೋಲಿಯೋಸಿಸ್ ಬೇರೆ. ಇದರಲ್ಲಿ ಬೆನ್ನೆಲುಬು ಎಡಕ್ಕೋ ಬಲಕ್ಕೋ ಬಾಗುತ್ತದೆ, ಜೊತೆಗೆ ಬಳ್ಳಿಯಂತೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದಲೇ ಒಂದು ಬದಿಯ ಪಕ್ಕೆಲುಬುಗಳು ಹಿಂದಕ್ಕೆ ಎದ್ದು ಕಾಣುತ್ತವೆ. ಪ್ರಾಚೀನ ಗ್ರೀಕ್ ವೈದ್ಯರಿಗೂ ಗೊತ್ತಿದ್ದ ತೊಂದರೆ ಇದು, ಹೆಸರೂ ಗ್ರೀಕರದೇ. ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಸ್ವಲ್ಪವಾದರೂ ಇಂಥ ಬಾಗು ಇರುತ್ತದೆ. ಬಹುಪಾಲು ಮಕ್ಕಳಲ್ಲಿ ಕಾರಣ ಇಂಥದೇ ಎಂದು ಇನ್ನೂ ಗೊತ್ತಾಗಿಲ್ಲ. ಕಾಬ್ ಕೆಲಸಕ್ಕೆ ಇಳಿದ ಕಾಲದಲ್ಲಿ ಪೋಲಿಯೋದಿಂದ ಸ್ನಾಯುಗಳು ಸೋತು ಬೆನ್ನು ವಾಲಿದ ಮಕ್ಕಳೂ ತುಂಬ ಇದ್ದರು.

ಚಿಕಿತ್ಸೆ ಎಂಬುದು ಆಗ ದೊಡ್ಡ ಹಿಂಸೆಯೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನ್ಯೂಯಾರ್ಕಿನ ಲೂಯಿಸ್ ಸೇಯ್ರ್ ಎಂಬ ವೈದ್ಯರು ರೋಗಿಯನ್ನು ತಲೆ ಮತ್ತು ತೋಳುಗಳಿಂದ ತೂಗುಹಾಕಿ, ಬೆನ್ನು ಎಳೆದು ನಿಂತಿರುವಾಗಲೇ ಮೈಸುತ್ತ ಪ್ಲಾಸ್ಟರ್ ಕಟ್ಟುತ್ತಿದ್ದರು. 1911ರಲ್ಲಿ ಅದೇ ನಗರದ ರಸೆಲ್ ಹಿಬ್ಸ್ ಬೆನ್ನೆಲುಬಿನ ಮೂಳೆಗಳನ್ನು ಒಂದಕ್ಕೊಂದು ಬೆಸೆಯುವ ಆಪರೇಷನ್ನನ್ನು ಕ್ಷಯರೋಗಿಗಳಿಗೆ ಮಾಡಿದರು, ಕೆಲವು ವರ್ಷಗಳಲ್ಲಿ ಅದನ್ನೇ ಸ್ಕೋಲಿಯೋಸಿಸ್ಸಿಗೂ ಬಳಸಿದರು. ಆಪರೇಷನ್ನಿನ ಹಿಂದೆ ಮುಂದೆ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರಿನೊಳಗೆ ಹಾಸಿಗೆಯ ಮೇಲೆಯೇ ಇರಬೇಕಿತ್ತು. ಬೇರೆ ಕಡೆ ವ್ಯಾಯಾಮ, ಮತ್ತೊಂದು ಕಡೆ ಚರ್ಮ ಮತ್ತು ಉಕ್ಕಿನ ಪಟ್ಟಿಗಳು. ಪ್ರತಿಯೊಬ್ಬ ವೈದ್ಯರಿಗೂ ತಮ್ಮ ಕ್ರಮದಿಂದಲೇ ಗುಣವಾಗುತ್ತದೆ ಎಂಬ ನಂಬಿಕೆ.

ಆದರೆ ಗುಣವಾಯಿತು ಎಂದು ಹೇಳುವುದು ಹೇಗೆ? ಕಳೆದ ವರ್ಷಕ್ಕಿಂತ ಈ ವರ್ಷ ಬೆನ್ನು ನೆಟ್ಟಗಾಗಿದೆ ಎಂದು ಕಣ್ಣಂದಾಜಿನಲ್ಲಿ ಹೇಳುವ ಮಾತಿಗೆ ಬೆಲೆ ಎಷ್ಟು? 1895ರಲ್ಲಿ ರಾಂಟ್ಜೆನ್ ಅವರು ಎಕ್ಸ್-ರೇ ಕಂಡುಹಿಡಿದ ಮೇಲೆ ಮೂಳೆಯ ನೆರಳೇನೋ ಫಿಲ್ಮಿನ ಮೇಲೆ ಕಾಣತೊಡಗಿತು. ಅದನ್ನು ಅಳೆಯುವ ಬಗೆಯಲ್ಲಿ ಒಮ್ಮತ ಇರಲಿಲ್ಲ. ಆಲ್ಬರ್ಟ್ ಫರ್ಗುಸನ್ ಎಂಬ ಎಕ್ಸ್-ರೇ ತಜ್ಞರ ಕ್ರಮದಲ್ಲಿ ಬಾಗಿನ ಮೇಲ್ತುದಿ, ನಡು ಮತ್ತು ಕೆಳತುದಿಯ ಮೂರು ಮೂಳೆಗಳ ಮಧ್ಯಬಿಂದುಗಳನ್ನು ಸೇರಿಸಿ ಕೋನ ಅಳೆಯುತ್ತಿದ್ದರು. ಮತ್ತೊಂದು ಕ್ರಮವನ್ನು 1935ರಲ್ಲಿ ರಾಬರ್ಟ್ ಲಿಪ್‌ಮನ್ ಎಂಬ ವೈದ್ಯರು ಬರೆದಿಟ್ಟಿದ್ದರು. ಒಂದೇ ಮಗುವಿನ ಒಂದೇ ಫಿಲ್ಮಿಗೆ ಈ ಎರಡು ಕ್ರಮಗಳಲ್ಲಿ ಎರಡು ಬೇರೆ ಅಂಕಿಗಳು ಬರುತ್ತಿದ್ದವು. ಒಬ್ಬರ ಸೇರು ಇನ್ನೊಬ್ಬರ ಸೇರಿಗೆ ಹೊಂದದ ಸಂತೆಯಲ್ಲಿ ಯಾರ ಅಕ್ಕಿ ಹೆಚ್ಚು ಎಂದು ತೀರ್ಮಾನಿಸುವುದು ಹೇಗೋ ಹಾಗೆ.

1941ರಲ್ಲಿ ಅಮೆರಿಕದ ಮೂಳೆ ವೈದ್ಯರ ಸಂಘದ ಸಮಿತಿಯೊಂದು, ಕಾರಣ ತಿಳಿಯದ ಸ್ಕೋಲಿಯೋಸಿಸ್‌ನ 425 ರೋಗಿಗಳ ದಾಖಲೆಗಳನ್ನು ಕಲೆಹಾಕಿ ವರದಿ ಕೊಟ್ಟಿತು. ಆಪರೇಷನ್ ಇಲ್ಲದೆ ವ್ಯಾಯಾಮ, ಬ್ರೇಸ್‌ಗಳಲ್ಲೇ ಇದ್ದವರಲ್ಲಿ ಸುಮಾರು ಶೇಕಡಾ 60 ಮಂದಿಗೆ ಬಾಗು ಹೆಚ್ಚಾಗಿತ್ತು. ಆಪರೇಷನ್ ಆದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಮೂಳೆ ಸರಿಯಾಗಿ ಬೆಸೆದಿರಲೇ ಇಲ್ಲ. ಮಕ್ಕಳು ವರ್ಷಗಟ್ಟಲೆ ಅನುಭವಿಸಿದ ಕಟ್ಟುಗಳಿಗೆ ಸಿಕ್ಕಿದ ಫಲ ಅಷ್ಟು. ಕಾಬ್ ಅವರು ದುಡಿಯುತ್ತಿದ್ದುದು ಇಂಥ ನಿರಾಶೆಯ ನಡುವೆ.

ಸ್ಕೇಲು, ಪೆನ್ಸಿಲು, ಕೋನಮಾಪಕ

1948ರಲ್ಲಿ ಕಾಬ್ ಮೂಳೆ ವೈದ್ಯರ ಶಿಕ್ಷಣಕ್ಕಾಗಿ ಪ್ರಕಟವಾಗುತ್ತಿದ್ದ ಉಪನ್ಯಾಸಗಳ ಸಂಪುಟದಲ್ಲಿ ಸ್ಕೋಲಿಯೋಸಿಸ್ ಅಧ್ಯಯನದ ಒಂದು ರೂಪುರೇಷೆಯನ್ನು ಬರೆದರು. ಹೊಸ ಔಷಧ, ಹೊಸ ಆಪರೇಷನ್ ಘೋಷಿಸುವ ಬರಹ ಅದಾಗಿರಲಿಲ್ಲ. ಕಾರಣಗಳನ್ನು ಹೇಗೆ ವಿಂಗಡಿಸಬೇಕು, ರೋಗಿಯನ್ನು ಹೇಗೆ ಪರೀಕ್ಷಿಸಬೇಕು, ಮೂಳೆಗಳ ತಿರುಚನ್ನು ಹೇಗೆ ಗುರುತಿಸಬೇಕು, ಬಾಗನ್ನು ಹೇಗೆ ಅಳೆಯಬೇಕು ಎಂಬ ಕ್ರಮಪಾಠ ಅದು. ಅಳತೆಗೆ ಅವರು ಆರಿಸಿಕೊಂಡದ್ದು ಲಿಪ್‌ಮನ್ ಬರೆದಿಟ್ಟಿದ್ದ ದಾರಿಯನ್ನು.

ಆ ದಾರಿ ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದು. ಬೆನ್ನೆಲುಬು ಒಂದರ ಮೇಲೊಂದು ಪೇರಿಸಿಟ್ಟ ಮೂಳೆಗಳ ಸಾಲು. ಬಾಗು ಇರುವಲ್ಲಿ ಆ ಮೂಳೆಗಳು ವಾಲಿರುತ್ತವೆ. ಬಾಗಿನ ಮೇಲ್ತುದಿಯಲ್ಲಿ ಅತಿ ಹೆಚ್ಚು ವಾಲಿದ ಮೂಳೆ ಯಾವುದೆಂದು ಫಿಲ್ಮಿನಲ್ಲಿ ಹುಡುಕಿ, ಅದರ ಮೇಲಂಚಿಗೆ ಸ್ಕೇಲಿಟ್ಟು ಒಂದು ಗೆರೆ ಎಳೆಯಬೇಕು. ಕೆಳತುದಿಯಲ್ಲಿ ಅತಿ ಹೆಚ್ಚು ವಾಲಿದ ಮೂಳೆಯ ಕೆಳಂಚಿಗೆ ಇನ್ನೊಂದು ಗೆರೆ. ಈ ಎರಡು ಗೆರೆಗಳ ನಡುವಿನ ಕೋನವೇ ಬಾಗಿನ ಅಳತೆ.

ಒಂದು ತೊಡಕಿದೆ. ಬಾಗು ಸಣ್ಣದಾಗಿದ್ದರೆ ಆ ಗೆರೆಗಳು ಸೇರುವುದು ಫಿಲ್ಮಿನಿಂದ ಎಷ್ಟೋ ದೂರ, ಮೇಜಿನ ಆಚೆ. ಆದ್ದರಿಂದ ಎರಡೂ ಗೆರೆಗಳಿಗೆ ಒಂದೊಂದು ಲಂಬ ಎಳೆಯುತ್ತಾರೆ. ಲಂಬಗಳು ಫಿಲ್ಮಿನ ಒಳಗೇ ಒಂದನ್ನೊಂದು ದಾಟುತ್ತವೆ. ಎರಡು ಗೆರೆಗಳ ನಡುವೆ ಎಷ್ಟು ಕೋನವೋ ಅವುಗಳ ಲಂಬಗಳ ನಡುವೆಯೂ ಅಷ್ಟೇ ಕೋನ ಎಂಬುದು ಶಾಲೆಯ ರೇಖಾಗಣಿತ. ಜಾಮೆಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ಡಿಗ್ರಿ ಓದಿದರೆ ಮುಗಿಯಿತು.

ದುಬಾರಿ ಯಂತ್ರ ಬೇಡ, ವಿಶೇಷ ಲೆಕ್ಕ ಬೇಡ. ಈ ಸರಳತೆಯೇ ಅದರ ಬಲವಾಯಿತು. ಫರ್ಗುಸನ್ ಕ್ರಮದಲ್ಲಿ ಮೂಳೆಯ ಮಧ್ಯಬಿಂದುವನ್ನು ಗುರುತಿಸಬೇಕಿತ್ತು. ಬಾಗು ತೀವ್ರವಾಗಿ ಮೂಳೆ ತಿರುಚಿದಾಗ ಅದು ಕಷ್ಟ. ಮೂಳೆಯ ಅಂಚು ಅದಕ್ಕಿಂತ ಸುಲಭವಾಗಿ ಕಾಣುತ್ತದೆ. ಕ್ರಮದ ಬೀಜ ಇನ್ನೊಬ್ಬರದು, ನಿಜ. ಆದರೆ ಅದನ್ನು ದಿನನಿತ್ಯದ ಶಿಸ್ತಾಗಿ ತಮ್ಮ ವಿಭಾಗದಲ್ಲಿ ನಡೆಸಿ, ಕಲಿಯುವವರ ಕೈಗೆ ಸಿಗುವಂತೆ ಬರೆದು, ಇತರರೂ ಒಪ್ಪುವಂತೆ ಮಾಡಿದವರು ಕಾಬ್. ಹೆಸರು ಅವರಿಗೇ ಅಂಟಿಕೊಂಡಿತು. ಲಿಪ್‌ಮನ್ ಹೆಸರನ್ನು ಇಂದು ನೆನೆಯುವವರು ಕಡಿಮೆ. ನಾವಾದರೂ ಇಲ್ಲಿ ನೆನೆಯೋಣ.

ಅಳತೆ ಏನನ್ನು ತಡೆಯಿತು

ಕಾಬ್ ಅವರ ದೊಡ್ಡ ಕೊಡುಗೆ ಕೋನ ಅಳೆದದ್ದಷ್ಟೇ ಅಲ್ಲ, ಅಳತೆಯನ್ನು ಕಾದು ನೋಡಲು ಬಳಸಿದ್ದು. ಕಂಡ ಪ್ರತಿಯೊಂದು ಬಾಗೂ ಬೆಳೆಯುವುದಿಲ್ಲ ಎಂಬುದನ್ನು ಅವರು ಒತ್ತಿ ಹೇಳುತ್ತಿದ್ದರು. ಕೆಲವು ಮಕ್ಕಳಲ್ಲಿ ಬಾಗು ಇದ್ದಷ್ಟರಲ್ಲೇ ನಿಲ್ಲುತ್ತದೆ, ಅವರು ದೊಡ್ಡವರಾಗಿ ಎಲ್ಲರಂತೆ ಬದುಕುತ್ತಾರೆ. ಇನ್ನು ಕೆಲವರಲ್ಲಿ ಮೈ ನೆರೆಯುವ ವಯಸ್ಸಿನಲ್ಲಿ, ಎತ್ತರ ಬೆಳೆಯುವ ಒಂದೆರಡು ವರ್ಷಗಳಲ್ಲಿ ಬಾಗು ಭರದಿಂದ ಹೆಚ್ಚುತ್ತದೆ. ಮೊದಲ ದಿನ ನೋಡಿದಾಗ ಇಬ್ಬರೂ ಒಂದೇ ತರಹ ಕಾಣಬಹುದು. ಯಾರು ಯಾವ ಗುಂಪಿನವರು ಎಂದು ತಿಳಿಯಲು ಇರುವ ದಾರಿ ಒಂದೇ: ಕೆಲವು ತಿಂಗಳ ಬಳಿಕ ಮತ್ತೆ ಎಕ್ಸ್-ರೇ ತೆಗೆದು, ಅದೇ ಮೂಳೆಗಳ ಅಂಚಿಗೆ ಗೆರೆ ಎಳೆದು, ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡುವುದು.

ಇದು ಎರಡೂ ಕಡೆ ಕೆಲಸ ಮಾಡಿತು. ಹೆಚ್ಚುತ್ತಿರುವ ಬಾಗನ್ನು ನೋಡೋಣ ನೋಡೋಣ ಎಂದು ಬಿಟ್ಟು ತೀರಾ ತಡವಾಗುವುದನ್ನು ಅಂಕಿ ತಡೆಯಿತು. ಹೆಚ್ಚದೇ ನಿಂತ ಬಾಗಿಗಾಗಿ ಮಗುವನ್ನು ವರ್ಷಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿಸುವುದನ್ನೂ ಅದೇ ಅಂಕಿ ತಡೆಯಿತು. ಚಿಕಿತ್ಸೆ ಬೇಡ ಎಂದು ಧೈರ್ಯವಾಗಿ ಹೇಳಲು ವೈದ್ಯರಿಗೂ ಆಧಾರ ಬೇಕಲ್ಲವೇ?

ಹಾಗೆಂದು ಕಾಬ್ ಆಪರೇಷನ್ನಿಗೆ ಹಿಂಜರಿದವರಲ್ಲ. ಅವರು ನುರಿತ ಶಸ್ತ್ರವೈದ್ಯರು. ಮೂಳೆಯ ಮೇಲಿನ ಸ್ನಾಯುಗಳನ್ನು ಶುಚಿಯಾಗಿ ಬಿಡಿಸಲು ಅವರು ರೂಪಿಸಿದ, ಉಳಿಯಂಥ ಅಗಲ ಬಾಯಿಯ ಉಪಕರಣ ಇಂದಿಗೂ ಕಾಬ್ ಎಲಿವೇಟರ್ ಎಂಬ ಹೆಸರಿನಲ್ಲಿ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಲ್ಲಿದೆ. 1952ರಲ್ಲಿ ಅವರು ಮೂಳೆ ಬೆಸುಗೆಯ ವಿಧಾನವನ್ನೂ ಆಮೇಲಿನ ಆರೈಕೆಯನ್ನೂ ಫಲಿತಾಂಶವನ್ನೂ ಪ್ರಕಟಿಸಿದರು. ಹೆಚ್ಚು ಮೂಳೆ ಕಸಿ, ಆಮೇಲೆ ದೀರ್ಘ ಕಾಲದ ವಿಶ್ರಾಂತಿ ಅವರ ಕ್ರಮವಾಗಿತ್ತು. ಮೂಳೆ ಬೆಸೆಯದೆ ಹೋಗುವ ಸೋಲು ಅವರ ರೋಗಿಗಳಲ್ಲಿ ಹಿಂದಿನ ವರದಿಗಿಂತ ಬಹಳ ಕಡಿಮೆಯಿತ್ತು. 1960ರಲ್ಲಿ ಬರೆದ ಮತ್ತೊಂದು ಲೇಖನದಲ್ಲಿ ಮೂಲ ಬಾಗಿನ ಪ್ರಶ್ನೆಯನ್ನು ಎತ್ತಿಕೊಂಡರು. ಬೆನ್ನು ಒಂದು ಕಡೆ ಬಾಗಿದರೆ, ತಲೆಯನ್ನು ಸೊಂಟದ ನೇರಕ್ಕೆ ತರಲು ಅದರ ಮೇಲೂ ಕೆಳಗೂ ಎದುರು ಬಾಗುಗಳು ಮೂಡುತ್ತವೆ. ಯಾವುದು ಮೂಲ, ಯಾವುದು ಸರಿದೂಗಿಸಲು ಬಂದದ್ದು ಎಂದು ತಿಳಿಯದೆ ಕೈ ಹಾಕಿದರೆ ತಪ್ಪು ಜಾಗದಲ್ಲಿ ಬೆಸೆದಂತಾಗುತ್ತದೆ.

ಕೊನೆಯ ವರ್ಷಗಳು, ಉಳಿದ ಹೆಸರು

ಕಾಬ್ ಅವರ ಕಣ್ಣೆದುರೇ ಕಾಲ ಬದಲಾಯಿತು. 1940ರ ದಶಕದ ನಡುವಿನಲ್ಲಿ ಮಿಲ್ವಾಕಿ ನಗರದಲ್ಲಿ ವಾಲ್ಟರ್ ಬ್ಲೌಂಟ್ ಮತ್ತು ಆಲ್ಬರ್ಟ್ ಶ್ಮಿಟ್ ಹೊಸ ಬ್ರೇಸ್ ರೂಪಿಸಿದರು. ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್, ಪೋಲಿಯೋ ಪೀಡಿತ ಮಕ್ಕಳಿಗಾಗಿ ಬೆನ್ನೆಲುಬಿಗೆ ಲೋಹದ ಸರಳು ಜೋಡಿಸುವ ವಿಧಾನ ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಪ್ಲಾಸ್ಟರಿನ ಯುಗ ಹಿಂದೆ ಸರಿಯತೊಡಗಿತು. 1966ರಲ್ಲಿ ಈ ಕ್ಷೇತ್ರದ ವೈದ್ಯರೆಲ್ಲ ಸೇರಿ ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿ ಸ್ಥಾಪಿಸಿದಾಗ, ಅಳತೆಗೆ ಕಾಬ್ ಕ್ರಮವನ್ನೇ ಒಪ್ಪಿಕೊಂಡರು. ಮರುವರ್ಷ, 1967ರಲ್ಲಿ, ಡಾ. ಕಾಬ್ ತೀರಿಕೊಂಡರು.

ಚಿಕಿತ್ಸೆಗಳು ಒಂದಾದ ಮೇಲೊಂದು ಹಳತಾದವು, ಅಳತೆ ಮಾತ್ರ ಉಳಿಯಿತು. ಹೊಸದು ಹಳತಿಗಿಂತ ಮೇಲೋ ಎಂದು ತಿಳಿಯುವುದಕ್ಕೂ ಅದೇ ಬೇಕಾಯಿತು. ಒಂದು ಉದಾಹರಣೆ: ಬ್ರೇಸ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ದೊಡ್ಡ ಅಧ್ಯಯನದ ಫಲ 2013ರಲ್ಲಿ ಹೊರಬಂತು. ಬೆಳವಣಿಗೆ ಮುಗಿಯುವ ಹೊತ್ತಿಗೆ ಕಾಬ್ ಕೋನ 50 ಡಿಗ್ರಿ ಮುಟ್ಟದಿದ್ದರೆ ಗೆಲುವು ಎಂದು ಮೊದಲೇ ಗೊತ್ತುಮಾಡಿದ್ದರು. ಬ್ರೇಸ್ ತೊಟ್ಟವರಲ್ಲಿ ಶೇಕಡಾ 72, ಬರೇ ಗಮನಿಸಿದವರಲ್ಲಿ ಶೇಕಡಾ 48 ಮಂದಿ ಗೆದ್ದರು. ದಿನದಲ್ಲಿ ಹೆಚ್ಚು ಹೊತ್ತು ತೊಟ್ಟವರಿಗೆ ಹೆಚ್ಚು ಫಲ. ಬ್ರೇಸ್ ತೊಡಲು ಮುಜುಗರಪಡುವ ಮಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತು ಸಿಗದು. ಬರೇ ಗಮನಿಸಿದವರಲ್ಲೂ ಅರ್ಧದಷ್ಟು ಮಂದಿ ಗೆದ್ದರಲ್ಲ, ಅದು ಕಾಬ್ ಹೇಳುತ್ತಿದ್ದ ಮಾತಿಗೇ ಸಾಕ್ಷಿ.

ಈ ಅಳತೆಗೂ ಮಿತಿಗಳಿವೆ. ಮೂರು ಆಯಾಮದ ತಿರುಚನ್ನು ಅದು ಚಪ್ಪಟೆ ಚಿತ್ರದ ಮೇಲೆ ಅಳೆಯುತ್ತದೆ. ಒಂದೇ ಫಿಲ್ಮನ್ನು ಇಬ್ಬರು ಅಳೆದರೆ ಐದು ಡಿಗ್ರಿಯವರೆಗೆ ವ್ಯತ್ಯಾಸ ಬರಬಹುದು. ಪದೇಪದೇ ತೆಗೆಯುವ ಎಕ್ಸ್-ರೇ ಕೂಡ ನಿರಪಾಯವಲ್ಲ. ಹಿಂದಿನ ಕಾಲದಲ್ಲಿ ಹೀಗೆ ಹಲವು ಬಾರಿ ಕಿರಣಕ್ಕೊಡ್ಡಿದ ಹುಡುಗಿಯರಲ್ಲಿ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಾಗಿದ್ದುದು ಕಂಡುಬಂದಿದೆ. ಅದಕ್ಕಾಗಿಯೇ ಈಗ ಕಡಿಮೆ ಕಿರಣ ಬಳಸುತ್ತಾರೆ, ಕಿರಣ ಬೆನ್ನಿನ ಕಡೆಯಿಂದ ಬರುವಂತೆ ನಿಲ್ಲಿಸುತ್ತಾರೆ. ಇಂದು ಗೆರೆ ಎಳೆಯುವುದು ಕಂಪ್ಯೂಟರ್ ಪರದೆಯ ಮೇಲೆ. ಎಳೆಯುವ ಕ್ರಮ ಮಾತ್ರ 1948ರದೇ.

ನಮ್ಮ ಮನೆಗಳಿಗೆ

ವರದಿಯ ಅಂಕಿಯನ್ನು ಹೀಗೆ ಓದಿಕೊಳ್ಳಬಹುದು. 10 ಡಿಗ್ರಿಗಿಂತ ಕಡಿಮೆಯಾದರೆ ಅದನ್ನು ಸ್ಕೋಲಿಯೋಸಿಸ್ ಎಂದೇ ಎಣಿಸುವುದಿಲ್ಲ. 10ರಿಂದ 25ರವರೆಗೆ, ಬೆಳೆಯುವ ಮಕ್ಕಳಾದರೆ, ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ನೋಡುತ್ತಿರುತ್ತಾರೆ. 25ರಿಂದ 40, 45ರವರೆಗೆ, ಬೆಳವಣಿಗೆ ಇನ್ನೂ ಉಳಿದಿದ್ದರೆ, ಬ್ರೇಸ್ ಮಾತು ಬರುತ್ತದೆ. 45, 50 ದಾಟಿದರೆ ಆಪರೇಷನ್ ವಿಚಾರ. ಹಿಂದಿನ ಬಾರಿಗಿಂತ ಮೂರು ಡಿಗ್ರಿ ಹೆಚ್ಚಾಯಿತೆಂದು ರಾತ್ರಿ ನಿದ್ದೆಗೆಡಬೇಕಿಲ್ಲ, ಅದು ಅಳೆಯುವ ಕೈಯ ವ್ಯತ್ಯಾಸವೂ ಇರಬಹುದು. ಒಂದು ಅಂಕಿಗಿಂತ ಎರಡು ಅಂಕಿಗಳ ನಡುವಿನ ಅಂತರ ಹೆಚ್ಚು ಹೇಳುತ್ತದೆ. ಆದ್ದರಿಂದ ಹಳೆಯ ಎಕ್ಸ್-ರೇಗಳನ್ನು ಎಸೆಯಬೇಡಿ, ಪ್ರತಿ ಸಲವೂ ಜೊತೆಗೆ ಒಯ್ಯಿರಿ. ತೀರ್ಮಾನ ಮಾತ್ರ ಮಗುವನ್ನು ಕಣ್ಣಾರೆ ನೋಡಿದ ವೈದ್ಯರದು.

ಶಾಲೆಯ ಚೀಲದ ಭಾರದಿಂದ, ಕೂರುವ ಭಂಗಿಯಿಂದ ಈ ತೊಂದರೆ ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಮಕ್ಕಳನ್ನು ಅದಕ್ಕಾಗಿ ಗದರಬೇಡಿ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಲಂಡನ್ನಿನ ವಿಲಿಯಂ ಆಡಮ್ಸ್ ಎಂಬ ವೈದ್ಯರ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಪ್ರಸಿದ್ಧ. ಮಗು ಪಾದ ಜೋಡಿಸಿ, ಮೊಣಕಾಲು ಮಡಚದೆ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಾಗಲಿ. ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎದ್ದು ಕಂಡರೆ ವೈದ್ಯರಿಗೆ ತೋರಿಸಿ.

ಗಡಿಯ ಈಚೆ ಬದುಕುವ ನಮಗೆ ಆಸ್ಪತ್ರೆ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ. ಚೀಟಿಯ ಭಾಷೆ ಬೇರೆ, ಕೇಳುವ ಮಾತು ಬೇರೆ. ಮಂಗಳೂರಿನಲ್ಲಿ ಬರೆದ ಡಿಗ್ರಿಯನ್ನು ಮಾತ್ರ ಕಣ್ಣೂರಿನಲ್ಲೂ ತಿರುವನಂತಪುರದಲ್ಲೂ ಯಾರೂ ಅನುವಾದ ಮಾಡಬೇಕಿಲ್ಲ. ಸಾಹಿತ್ಯ ಓದಿ ವೈದ್ಯರಾದ ಒಬ್ಬರು ಎಲ್ಲರಿಗೂ ಅರ್ಥವಾಗುವಂತೆ ಬರೆದಿಟ್ಟ ಕ್ರಮದ ಉಪಕಾರ ಇದು. ಮುಂದಿನ ಬಾರಿ ಎಕ್ಸ್-ರೇ ಕವರು ತೆರೆದಾಗ ಡಾ. ಕಾಬ್ ಅವರನ್ನು ಒಮ್ಮೆ ನೆನೆಯೋಣ.